ಮೋಟೋಜಿಪಿಯ ಕೊನೆಯ ರೇಸ್ ನೋಡುವುದು ಹೇಗೆ? ಮೊದಲು ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ

ಮೋಟೋಜಿಪಿ ಅಂದರೆ ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್, ವರ್ಷವಿಡೀ ನಡೆಯುವ ರೇಸುಗಳ ಪಾಯಿಂಟ್ ಕೂಡಿಸಿ ಚಾಂಪಿಯನ್ ಯಾರು ಅಂತ ತೀರ್ಮಾನ. ಅದರ ಕೊನೆಯ ರೇಸ್ ನೋಡಲು ಕೂರುವ ಹೊಸಬರು ಮಾಡುವ ತಪ್ಪು ಒಂದೇ. ಎಲ್ಲರಿಗಿಂತ ಮುಂದೆ ಇರುವವನನ್ನೇ ನೋಡುತ್ತಾ ಕೂರುತ್ತಾರೆ. ಉಳಿದ ರೇಸುಗಳಿಗೆ ಅದು ಸರಿ. ನವೆಂಬರಿನಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ನಡೆಯುವ ಕೊನೆಯ ರೇಸಿಗೆ, ಅದರಲ್ಲೂ ಚಾಂಪಿಯನ್ ಯಾರು ಅಂತ ಇನ್ನೂ ತೀರ್ಮಾನವಾಗದ ವರ್ಷ, ಆ ಲೆಕ್ಕ ನಡೆಯುವುದಿಲ್ಲ. 2022ನ್ನೇ ನೋಡಿ. ರೇಸ್ ಗೆದ್ದವನು ಸುಝುಕಿಯ ಅಲೆಕ್ಸ್ ರಿನ್ಸ್. ಆದರೆ ಕಣ್ಣಿಡಬೇಕಿದ್ದದ್ದು ಒಂಬತ್ತನೆಯವನಾಗಿ ಬಂದ ಫ್ರಾನ್ಚೆಸ್ಕೊ ಬನ್ಯಾಯಾ ಮೇಲೆ. ಎರಡನೇ ಲ್ಯಾಪಿನಲ್ಲೇ ಚಾಂಪಿಯನ್ ಪಟ್ಟಕ್ಕೆ ಎದುರಾಳಿಯಾಗಿದ್ದ ಫಾಬಿಯೊ ಕ್ವಾರ್ಟರಾರೊ ಬೈಕಿಗೆ ತಾಗಿ ಅವನ ಡುಕಾಟಿಯ ಮುಂದಿನ ರೆಕ್ಕೆಯೊಂದು ಮುರಿದು ಹೋಗಿತ್ತು. ಆಮೇಲೆ ಒಬ್ಬೊಬ್ಬರೇ ಅವನನ್ನು ದಾಟಿ ಹೋದರು. ನೋಡಿದವರಿಗೆ ಪಾಪ, ಸೋಲುತ್ತಿದ್ದಾನೆ ಅನ್ನಿಸಬೇಕು. ಆದರೆ ವರ್ಷವೆಲ್ಲ ಕೂಡಿಸಿದ ಪಾಯಿಂಟಿನ ಲೆಕ್ಕದಲ್ಲಿ ಅವನೇ ಆವತ್ತು ವಿಶ್ವ ಚಾಂಪಿಯನ್ ಆದ.

ಅಂದ ಹಾಗೆ ಅವನ ಹೆಸರು ಬನ್ಯಾಯಾ. ಸ್ಪೆಲಿಂಗ್ ನೋಡಿ ಬಗ್ನೈಯಾ ಅನ್ನುವವರು ಜಾಸ್ತಿ. ಅನ್ನಬೇಡಿ.

ಹಾಳೆ, ಪೆನ್ನು ಬೇಕು ಅಂದದ್ದು ತಮಾಷೆಗಲ್ಲ. ಕ್ರಿಕೆಟ್ ನೋಡುವವರಿಗೆ ಇದು ಹೊಸದೂ ಅಲ್ಲ. ಆರ್‌ಸಿಬಿ ಇಷ್ಟು ಓವರಿನೊಳಗೆ ಗೆದ್ದು, ಆ ಕಡೆ ಇನ್ಯಾರೋ ಸೋತರೆ ಪ್ಲೇಆಫ್‌ಗೆ ಹೋಗಬಹುದು ಅಂತ ಕ್ಯಾಲ್ಕುಲೇಟರ್ ಹಿಡಿದು ಕೂತವರೇ ನಾವೆಲ್ಲ, ಅಲ್ವಾ? ಇದೂ ಅದೇ ಕೆಲಸ. ಒಂದೇ ವ್ಯತ್ಯಾಸ, ಇಲ್ಲಿ ಲೆಕ್ಕ ಪ್ರತಿ ಒಂದೂವರೆ ನಿಮಿಷಕ್ಕೆ ಬದಲಾಗುತ್ತದೆ.

ಹಾಳೆಯಲ್ಲಿ ಏನು ಬರೆಯಬೇಕು

ಭಾನುವಾರದ ರೇಸಿನಲ್ಲಿ ಮೊದಲ ಮೂವರಿಗೆ 25, 20, 16 ಪಾಯಿಂಟ್. ನಾಲ್ಕನೆಯವನಿಗೆ 13, ಐದನೆಯವನಿಗೆ 11. ಅಲ್ಲಿಂದ ಒಂದೊಂದೇ ಇಳಿಯುತ್ತದೆ. ಆರಕ್ಕೆ 10, ಏಳಕ್ಕೆ 9, ಹೀಗೆ ಹದಿನೈದನೆಯವನಿಗೆ 1. ಅದರ ಹಿಂದಿನವರಿಗೆ ಏನೂ ಇಲ್ಲ. 2023ರಿಂದ ಶನಿವಾರ ಸ್ಪ್ರಿಂಟ್ ಅಂತ ಅರ್ಧ ದೂರದ ಇನ್ನೊಂದು ರೇಸ್ ಇರುತ್ತದೆ. ಅದರಲ್ಲಿ ಮೊದಲ ಒಂಬತ್ತು ಜನಕ್ಕೆ 12, 9, 7, 6, 5, 4, 3, 2, 1. ಅಂದರೆ ಒಬ್ಬನು ಆ ವಾರಾಂತ್ಯದಲ್ಲಿ ಹೆಚ್ಚೆಂದರೆ 37 ಪಾಯಿಂಟ್ ಗಳಿಸಬಹುದು.

ಗುರುವಾರ ರಾತ್ರಿ ಪಾಯಿಂಟ್ ಪಟ್ಟಿ ತೆಗೆದು ಮೊದಲಿಬ್ಬರ ನಡುವಿನ ಅಂತರ ನೋಡಿ. 37ಕ್ಕಿಂತ ಜಾಸ್ತಿ ಇದ್ದರೆ ಚಾಂಪಿಯನ್ ಯಾರು ಅಂತ ಆಗಲೇ ತೀರ್ಮಾನವಾಯ್ತು, ಹಾಳೆ ಬೇಕಿಲ್ಲ. 2025ರಲ್ಲಿ ಮಾರ್ಕ್ ಮಾರ್ಕೆಸ್ ಸೆಪ್ಟೆಂಬರ್ 28ಕ್ಕೇ ಜಪಾನಿನ ಮೊಟೆಗಿಯಲ್ಲಿ ಕೆಲಸ ಮುಗಿಸಿಬಿಟ್ಟ, ಇನ್ನೂ ಐದು ರೇಸ್ ಬಾಕಿ ಇರುವಾಗಲೇ. ಅಂಥ ವರ್ಷವೂ ಕೊನೆಯ ರೇಸ್ ನೋಡಬಹುದು, ಅದರ ರುಚಿ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಅಂತರ 37ರೊಳಗೆ ಇದ್ದರೆ ಪೆನ್ನು ಹಿಡಿಯಿರಿ. 2023ರ ಉದಾಹರಣೆ ತಗೊಳ್ಳೋಣ. ವಲೆನ್ಸಿಯಾಗೆ ಬರುವಾಗ ಬನ್ಯಾಯಾ ಹೋರ್ಹೆ ಮಾರ್ಟಿನ್‌ಗಿಂತ 21 ಪಾಯಿಂಟ್ ಮುಂದಿದ್ದ. ಶನಿವಾರದ ಸ್ಪ್ರಿಂಟ್ ಮಾರ್ಟಿನ್ ಗೆದ್ದ, ಅಂತರ 14ಕ್ಕೆ ಇಳಿಯಿತು. ಈಗ ಹಾಳೆಯ ಎಡಗಡೆ ಬೆನ್ನಟ್ಟುವವನ ಸ್ಥಾನ ಬರೆಯಿರಿ, ಬಲಗಡೆ ಮುಂದಿರುವವನಿಗೆ ಸಾಕಾಗುವ ಸ್ಥಾನ. ಮಾರ್ಟಿನ್ ಗೆದ್ದರೆ ಅವನಿಗೆ 25, ಬನ್ಯಾಯಾಗೆ ಕನಿಷ್ಠ 11 ಬೇಕು, ಅಂದರೆ ಐದನೇ ಸ್ಥಾನ. ಮಾರ್ಟಿನ್ ಎರಡನೆಯವನಾದರೆ ಬನ್ಯಾಯಾಗೆ 6 ಸಾಕು, ಅಂದರೆ ಹತ್ತನೇ ಸ್ಥಾನ. ಮೂರನೆಯವನಾದರೆ ಹದಿನಾಲ್ಕನೇ ಸ್ಥಾನವೇ ಸಾಕು. ಮಾರ್ಟಿನ್ ನಾಲ್ಕಕ್ಕೆ ಇಳಿದರೆ ಬನ್ಯಾಯಾ ಗ್ಯಾರೇಜಿನಲ್ಲಿ ಕಾಫಿ ಕುಡಿಯುತ್ತಾ ಕೂರಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಾರ್ಟಿನ್ ಗೆದ್ದು ಬನ್ಯಾಯಾ ಐದನೆಯವನಾದರೆ ಇಬ್ಬರ ಪಾಯಿಂಟೂ ಸಮ ಸಮ ಆಗುತ್ತಿತ್ತು. ಸಮ ಆದಾಗ ಆ ವರ್ಷ ಯಾರು ಹೆಚ್ಚು ರೇಸ್ ಗೆದ್ದಿದ್ದಾರೆ ಅಂತ ನೋಡುತ್ತಾರೆ. ಬನ್ಯಾಯಾ ಆಗ 6 ಗೆದ್ದಿದ್ದ, ಮಾರ್ಟಿನ್ 4. ಹಾಗಾಗಿ ಸಮ ಅಂದರೆ ಬನ್ಯಾಯಾ ಗೆದ್ದ ಹಾಗೆ. ಈ ಗೆಲುವಿನ ಸಂಖ್ಯೆಯನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಟೀವಿಯಲ್ಲಿ ಕಾಮೆಂಟರಿಯವರು ಹೇಳುತ್ತಾರೆ, ನಿಜ. ಆದರೆ ನಾವೇ ಬರೆದರೆ ತಲೆಯಲ್ಲಿ ಕೂರುತ್ತದೆ, ಮೊದಲಿದ್ದ ಮಾರ್ಟಿನ್‌ನನ್ನು ಎರಡನೆಯವನು ದಾಟಿದ ಕ್ಷಣವೇ 'ಅಯ್ಯೋ, ಈಗ ಬನ್ಯಾಯಾಗೆ ಹತ್ತರೊಳಗೆ ಬಂದರೆ ಸಾಕು' ಅಂತ ಬಾಯಿಗೆ ಬರುತ್ತದೆ, ಪಕ್ಕದಲ್ಲಿ ಕೂತವರು ನಿಮ್ಮನ್ನು ದೊಡ್ಡ ಪಂಡಿತ ಅಂದುಕೊಳ್ಳುತ್ತಾರೆ.

ಐದು ಪಾಯಿಂಟಿನ ಕಥೆ

ಹಾಳೆಯ ಮಹಿಮೆ ಪೂರ್ತಿ ಅರ್ಥವಾಗಬೇಕಾದರೆ 2006ಕ್ಕೆ ಹೋಗಬೇಕು. ನಾನು ಇದುವರೆಗೆ ನೋಡಿದ ಕೊನೆಯ ರೇಸುಗಳಲ್ಲಿ ಅದರ ಪಕ್ಕ ನಿಲ್ಲುವಂಥದ್ದು ಇನ್ನೊಂದಿಲ್ಲ.

ವ್ಯಾಲೆಂಟಿನೊ ರೋಸಿ ಆಗ ಸಾಲಾಗಿ ಐದು ವರ್ಷ ಚಾಂಪಿಯನ್. ಅಮೆರಿಕದ ನಿಕಿ ಹೇಡನ್ ಆ ವರ್ಷ ಪೂರ್ತಿ ಸುಮ್ನೆ ಪಾಯಿಂಟ್ ಕೂಡಿಹಾಕುತ್ತಾ ಬಂದಿದ್ದ. ಕೊನೆಯಿಂದ ಎರಡನೇ ರೇಸ್ ಪೋರ್ಚುಗಲ್ಲಿನ ಎಸ್ಟೊರಿಲ್‌ನಲ್ಲಿ. ಅಲ್ಲಿ ಹೇಡನ್‌ನನ್ನು ಬೀಳಿಸಿದವನು ಅವನದೇ ತಂಡದ ಡಾನಿ ಪೆಡ್ರೋಸಾ. ಇಬ್ಬರೂ ಜಲ್ಲಿಯೊಳಗೆ. ಹೇಡನ್ ಎದ್ದು ಕೈ ಆಡಿಸುತ್ತಾ ಕೂಗಾಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅದೇ ರೇಸಿನ ಕೊನೆಯಲ್ಲಿ ಟೋನಿ ಎಲಿಯಾಸ್ ರೋಸಿಯನ್ನು 0.002 ಸೆಕೆಂಡಿನಿಂದ ಸೋಲಿಸಿದ. ಆಗ ಯಾರೂ ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ರೋಸಿಗೆ 25ರ ಬದಲು 20 ಸಿಕ್ಕಿತು, ಅಷ್ಟೇ ತಾನೇ?

ಅಕ್ಟೋಬರ್ 29ಕ್ಕೆ ವಲೆನ್ಸಿಯಾ. ರೋಸಿ 244, ಹೇಡನ್ 236. ಎಂಟು ಪಾಯಿಂಟ್ ಅಂತರ. ರೋಸಿ ಪೋಲ್‌ನಲ್ಲಿ, ಅಂದರೆ ಎಲ್ಲರಿಗಿಂತ ಮುಂದಿನ ಜಾಗದಲ್ಲಿ ನಿಂತಿದ್ದ. ಸ್ಟಾರ್ಟ್ ಕೆಟ್ಟಿತು, ಗುಂಪಿನೊಳಗೆ ಸಿಕ್ಕಿಕೊಂಡ. ಐದನೇ ಲ್ಯಾಪ್, ಎರಡನೇ ತಿರುವು. ಮುಂದಿನ ಚಕ್ರ ಜಾರಿತು. ಜೋರಾದ ಬೀಳುವಿಕೆಯೇನೂ ಅಲ್ಲ, ಮಳೆಗಾಲದಲ್ಲಿ ಸ್ಕೂಟರ್ ಜಾರಿದ ಹಾಗೆ ಮೆತ್ತಗೆ ಮಲಗಿಬಿಟ್ಟ. ಎದ್ದು ಬೈಕ್ ಎತ್ತಿ ಮತ್ತೆ ಹೊರಟ, ಎಲ್ಲರಿಗಿಂತ ಹಿಂದೆ. ಕೊನೆಗೆ 13ನೆಯವನಾಗಿ ಬಂದ. ಮುಂದೆ ಡುಕಾಟಿಯಲ್ಲಿ ಟ್ರಾಯ್ ಬೇಲಿಸ್, ಗಾಯಗೊಂಡ ಸೆಟೆ ಜಿಬರ್ನಾವ್ ಬದಲಿಗೆ ಒಂದೇ ರೇಸಿಗೆ ಬಂದವನು, ಗೆದ್ದೇಬಿಟ್ಟ. ಆದರೆ ಕೊನೆಯಲ್ಲಿ ಕ್ಯಾಮೆರಾ ಇದ್ದದ್ದು ಮೂರನೆಯವನಾಗಿ ಬಂದ ಹೇಡನ್ ಮೇಲೆ. ಹೆಲ್ಮೆಟ್ಟಿನೊಳಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ, ಹೆಗಲು ಅಲುಗುವುದು ಕಾಣುತ್ತಿತ್ತು.

ಈಗ ಲೆಕ್ಕ ಮಾಡಿ. ಹೇಡನ್ 236ಕ್ಕೆ 16 ಕೂಡಿದರೆ 252. ರೋಸಿ 244ಕ್ಕೆ 3 ಕೂಡಿದರೆ 247. ಐದೇ ಪಾಯಿಂಟ್. ಎಸ್ಟೊರಿಲ್‌ನಲ್ಲಿ ಆ 0.002 ಸೆಕೆಂಡ್ ರೋಸಿ ಕಡೆಗೆ ಇದ್ದಿದ್ದರೆ? ಇಬ್ಬರಿಗೂ 252. ಗೆಲುವುಗಳಲ್ಲಿ ರೋಸಿ ಮುಂದೆ, ಹೇಡನ್ ಗೆದ್ದದ್ದು ಎರಡೇ. ಚಾಂಪಿಯನ್ ರೋಸಿ ಆಗುತ್ತಿದ್ದ. ಹಿಂದಿನ ರೇಸಿನ ಫಲಿತಾಂಶವನ್ನೂ ಹಾಳೆಯಲ್ಲಿ ಒಂದು ಸಾಲು ಬರೆದುಕೊಳ್ಳಿ ಅನ್ನುವುದು ಇದಕ್ಕೇ.

ಗಡಿಯಾರ ನೋಡಿಕೊಳ್ಳಿ

ಆ 2006ರ ರೇಸಿನಲ್ಲಿ ರೋಸಿ ಬಿದ್ದದ್ದನ್ನು ನಾನು ಲೈವ್ ನೋಡಲೇ ಇಲ್ಲ. ಯುರೋಪಿನವರು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ವರ್ಷ ಆ ಭಾನುವಾರವೇ ರೇಸ್. ವರ್ಷವೆಲ್ಲ ಯುರೋಪಿನ ರೇಸನ್ನು ಐದೂವರೆಗೆ ನೋಡಿ ರೂಢಿಯಾಗಿದ್ದ ನಾನು ಐದೂವರೆಗೇ ಟೀವಿ ಹಾಕಿ ಕೂತೆ. ಏನೂ ಬರಲಿಲ್ಲ. ಕೇಬಲ್‌ನವನಿಗೆ ಎರಡು ಸಲ ಫೋನ್ ಮಾಡಿ ಬೈದೆ. ಆರು ಗಂಟೆಗೆ ಬೇಜಾರಾಗಿ ಟೀ ಕುಡಿಯಲು ಹೊರಗೆ ಹೋದೆ, ಸ್ನೇಹಿತರು ಸಿಕ್ಕರು, ಮಾತು ಬೆಳೆಯಿತು. ಬರುವಷ್ಟರಲ್ಲಿ ಆರು ಮುಕ್ಕಾಲು. ರೋಸಿ ಆಗಲೇ ಬಿದ್ದು ಎದ್ದು ಹಿಂದೆ ಓಡುತ್ತಿದ್ದ.

ಹಾಗಾಗಿ ನೆನಪಿಡಿ. ಸ್ಪೇನಿನ ಮಧ್ಯಾಹ್ನ ಎರಡು ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 5:30, ನವೆಂಬರಿನಲ್ಲಿ 6:30. ವಲೆನ್ಸಿಯಾದಲ್ಲಿ ಸಾಮಾನ್ಯವಾಗಿ ಭಾನುವಾರ ಎಲ್ಲಕ್ಕಿಂತ ಸಣ್ಣ ಬೈಕುಗಳ ಮೋಟೋ3 ನಮ್ಮ 3:30ಕ್ಕೆ, ನಡುವಿನ ದರ್ಜೆಯ ಮೋಟೋ2 4:45ಕ್ಕೆ, ಮೋಟೋಜಿಪಿ 6:30ಕ್ಕೆ. ಶನಿವಾರದ ಸ್ಪ್ರಿಂಟ್ 7:30ಕ್ಕೆ. ದುಬೈನಲ್ಲಿ ಇರುವವರು ಇದರಿಂದ ಒಂದೂವರೆ ಗಂಟೆ ಕಳೆಯಿರಿ. ಭಾರತದಲ್ಲಿ ಪ್ರಸಾರದ ಹಕ್ಕು ಆಗಾಗ ಕೈ ಬದಲಾಗುತ್ತದೆ, ಹೋದ ವರ್ಷ ನೋಡಿದ ಆ್ಯಪ್‌ನಲ್ಲೇ ಈ ವರ್ಷವೂ ಬರುತ್ತದೆ ಅಂದುಕೊಳ್ಳಬೇಡಿ. ಶುಕ್ರವಾರದ ಪ್ರಾಕ್ಟೀಸ್ ಬರುತ್ತಾ ಅಂತ ಒಮ್ಮೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಭಾನುವಾರ 6:28ಕ್ಕೆ ಪಾಸ್‌ವರ್ಡ್ ಹುಡುಕುವುದು ತಪ್ಪುತ್ತದೆ.

ಮೋಟೋ3 ಬಿಡಬೇಡಿ, ದಯವಿಟ್ಟು. ಸಣ್ಣ ಹುಡುಗರ ರೇಸ್ ಅಂತ ಮಧ್ಯಾಹ್ನ ಊಟ ಮಾಡಿ ಮಲಗುವವರಿದ್ದಾರೆ. 2013ರಲ್ಲಿ ವಲೆನ್ಸಿಯಾಗೆ ಬರುವಾಗ ಲೂಯಿಸ್ ಸಲೋಮ್, ಅಲೆಕ್ಸ್ ರಿನ್ಸ್, ಮಾವೆರಿಕ್ ವಿನ್ಯಾಲೆಸ್, ಮೂವರೂ ಐದು ಪಾಯಿಂಟಿನೊಳಗೆ ಇದ್ದರು. ಮುಂದಿದ್ದ ಸಲೋಮ್ ಬಿದ್ದ. ಉಳಿದ ಇಬ್ಬರು ಕೊನೆಯ ಲ್ಯಾಪಿನವರೆಗೂ ಕಿತ್ತಾಡಿ ವಿನ್ಯಾಲೆಸ್ ಗೆದ್ದ, ಚಾಂಪಿಯನ್ ಆದ. 2018ರಲ್ಲಿ ಮಳೆಯಲ್ಲಿ ಜಾನ್ ಒಂಜು ಅನ್ನುವ ಟರ್ಕಿಯ 15 ವರ್ಷದ ಹುಡುಗ ತನ್ನ ಮೊಟ್ಟಮೊದಲ ರೇಸನ್ನೇ ಗೆದ್ದ. ಹತ್ತನೇ ಕ್ಲಾಸ್ ವಯಸ್ಸು!

ಟ್ರ್ಯಾಕಿನಲ್ಲಿ ಎಲ್ಲಿ ಕಣ್ಣಿಡಬೇಕು

ರಿಕಾರ್ಡೊ ಟೋರ್ಮೊ ಸರ್ಕ್ಯೂಟ್ ಇರುವುದು ವಲೆನ್ಸಿಯಾ ನಗರದಿಂದ ಸುಮಾರು 20 ಕಿಲೋಮೀಟರ್ ದೂರದ ಚೆಸ್ಟೆ ಊರಿನ ಹತ್ತಿರ. ಟೋರ್ಮೊ ಆ ಸೀಮೆಯವನೇ, 50 ಸಿಸಿ ಬೈಕಿನಲ್ಲಿ 1978 ಮತ್ತು 1981ರಲ್ಲಿ ವಿಶ್ವ ಚಾಂಪಿಯನ್. 1998ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ, ಮರುವರ್ಷ ಸರ್ಕ್ಯೂಟ್ ಶುರುವಾಯಿತು. ಟ್ರ್ಯಾಕಿನ ಉದ್ದ 4.005 ಕಿಲೋಮೀಟರ್, 14 ತಿರುವು. ಮೋಟೋಜಿಪಿಯವರು 27 ಸುತ್ತು ಹೊಡೆಯುತ್ತಾರೆ, ನಲವತ್ತು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಇಕ್ಕಟ್ಟಾದ ಟ್ರ್ಯಾಕ್, ದಾಟುವುದು ಕಷ್ಟ. ಅದಕ್ಕೇ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಶನಿವಾರ ಬೆಳಗಿನ ಕ್ವಾಲಿಫೈಯಿಂಗ್ ನೋಡಿ, ಮೊದಲ ಎರಡು ಸಾಲಿನಲ್ಲಿ ಜಾಗ ಸಿಗದವನಿಗೆ ಭಾನುವಾರ ತಲೆನೋವು.

ಮುಖ್ಯವಾದ ವಿಷಯ ಇನ್ನೊಂದು. 14 ತಿರುವುಗಳಲ್ಲಿ 9 ಎಡಕ್ಕೆ, 5 ಮಾತ್ರ ಬಲಕ್ಕೆ. ಬೈಕ್ ಯಾವಾಗಲೂ ಎಡಕ್ಕೇ ವಾಲುತ್ತದೆ, ಟೈರಿನ ಎಡಭಾಗ ಬಿಸಿ ಇರುತ್ತದೆ, ಬಲಭಾಗ ತಣ್ಣಗಾಗುತ್ತದೆ. ಮೇಲಿಂದ ನವೆಂಬರಿನ ಚಳಿ. ತಣ್ಣಗಾದ ರಬ್ಬರ್ ಹಿಡಿತ ಕೊಡುವುದಿಲ್ಲ. ಸಾಲಾಗಿ ಎಡ ತಿರುವುಗಳಾದ ಮೇಲೆ ಬರುವ ಮೊದಲ ಬಲ ತಿರುವು ನಾಲ್ಕನೆಯದು. ಬೆಳಗಿನ ಹೊತ್ತು ಅಲ್ಲಿ ಬೀಳುವವರಿಗೆ ಲೆಕ್ಕವಿಲ್ಲ. 2023ರಲ್ಲಿ ಮಾರ್ಟಿನ್ ಆಟ ಮುಗಿದದ್ದೂ ನಾಲ್ಕನೇ ತಿರುವಿನಲ್ಲೇ, ಆದರೆ ಅದು ಚಳಿಯಿಂದಲ್ಲ, ಆತುರದಿಂದ. ಅದಕ್ಕೂ ಮುಂಚೆ ಮೊದಲ ತಿರುವಿನಲ್ಲಿ ಬನ್ಯಾಯಾ ಹಿಂದಿನ ಚಕ್ರಕ್ಕೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿ, ಅಗಲಕ್ಕೆ ಹೋಗಿ ಎಂಟನೇ ಸ್ಥಾನಕ್ಕೆ ಬಿದ್ದಿದ್ದ. ಕಳೆದುಕೊಂಡದ್ದನ್ನೆಲ್ಲ ಒಂದೇ ಸಲ ವಾಪಸ್ ತಗೊಳ್ಳಲು ಹೊರಟು, ಆರನೇ ಲ್ಯಾಪಿನಲ್ಲಿ ಮಾರ್ಕ್ ಮಾರ್ಕೆಸ್‌ಗೆ ಡಿಕ್ಕಿ. ಇಬ್ಬರೂ ನೆಲಕ್ಕೆ. ಇನ್ನೂ ಇಪ್ಪತ್ತು ಲ್ಯಾಪ್ ಬಾಕಿ ಇತ್ತು. ಸ್ವಲ್ಪ ತಾಳಿದ್ದರೆ ಅನ್ನಿಸುತ್ತದೆ, ಆದರೆ ಸೋಫಾದ ಮೇಲೆ ಕೂತು ಹೀಗೆ ಹೇಳುವುದು ಸುಲಭ.

ಮೊದಲ ತಿರುವಿನ ಮೇಲೆ ಕೊನೆಯವರೆಗೂ ಒಂದು ಕಣ್ಣಿರಲಿ. 876 ಮೀಟರಿನ ನೇರ ರಸ್ತೆಯಲ್ಲಿ ಗಂಟೆಗೆ 330 ಕಿಲೋಮೀಟರಿನ ಆಸುಪಾಸು ಬಂದವರು ಅಲ್ಲಿ ಬ್ರೇಕ್ ಹಿಡಿಯಬೇಕು. 2017ರಲ್ಲಿ ಮಾರ್ಕೆಸ್ 21 ಪಾಯಿಂಟ್ ಮುಂದಿದ್ದ, ಸುಮ್ನೆ ಓಡಿಸಿಕೊಂಡು ಹೋಗಿದ್ದರೆ ಸಾಕಿತ್ತು. ರೇಸ್ ಮುಗಿಯಲು ಕೆಲವೇ ಲ್ಯಾಪ್ ಇರುವಾಗ ಅದೇ ಮೊದಲ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬೈಕ್ ಪೂರ್ತಿ ಮಲಗಿತು. ಅವನು ಮೊಣಕೈ, ಮೊಣಕಾಲು ಎರಡನ್ನೂ ನೆಲಕ್ಕೆ ಕೊಟ್ಟು ಬೈಕನ್ನು ಮತ್ತೆ ಎತ್ತಿ ನಿಲ್ಲಿಸಿ ಜಲ್ಲಿಯೊಳಗಿಂದ ವಾಪಸ್ ಬಂದ. ಇದನ್ನು ನಿಧಾನಗತಿಯಲ್ಲಿ ಹತ್ತು ಸಲ ನೋಡಿದರೂ ಹೇಗೆ ಮಾಡಿದ ಅಂತ ನನಗೆ ಅರ್ಥವಾಗಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೇ ಅವನ ಎದುರಾಳಿ ಆಂಡ್ರಿಯಾ ಡೊವಿಜಿಯೊಸೊ ಬಿದ್ದ.

ಪಿಟ್ ಬೋರ್ಡ್ ಓದುವುದು

ಮುಖ್ಯ ನೇರ ರಸ್ತೆಯ ಗೋಡೆಯ ಮೇಲಿಂದ ತಂಡದವರು ಕಪ್ಪು ಬೋರ್ಡ್ ಹಿಡಿಯುತ್ತಾರಲ್ಲ, ಅದನ್ನು ಓದಲು ಕಲಿಯಿರಿ. ಪಿ ಅಂತ ಇದ್ದರೆ ಸ್ಥಾನ, ಎಲ್ ಅಂತ ಇದ್ದರೆ ಉಳಿದ ಲ್ಯಾಪ್, ಪ್ಲಸ್ ಮೈನಸ್ ಸಂಖ್ಯೆಗಳು ಹಿಂದಿನವನಿಗೂ ಮುಂದಿನವನಿಗೂ ಇರುವ ಅಂತರ. ಕೊನೆಯ ರೇಸಿನಲ್ಲಿ ಮಾತ್ರ ಇದರಲ್ಲಿ ರಾಜಕೀಯ ಸೇರಿಕೊಳ್ಳುತ್ತದೆ. ಅದೇ 2017ರಲ್ಲಿ ಡೊವಿಜಿಯೊಸೊ ಮುಂದೆ ಓಡುತ್ತಿದ್ದವನು ಅವನದೇ ಡುಕಾಟಿ ತಂಡದ ಹೋರ್ಹೆ ಲೊರೆಂಜೊ. ಒಂದು ಸ್ಥಾನ ಬಿಟ್ಟುಕೊಡು ಅಂತ ಬೋರ್ಡಿನಲ್ಲಿ ಮೈನಸ್ ಒಂದು ತೋರಿಸಿದರು. ತೋರಿಸುತ್ತಲೇ ಇದ್ದರು. ಲೊರೆಂಜೊ ಬಿಡಲಿಲ್ಲ. ತಾನು ಮುಂದೆ ಇದ್ದು ಡೊವಿಜಿಯೊಸೊಗೆ ದಾರಿ ತೋರಿಸುತ್ತಿದ್ದೆ ಅಂತ ಆಮೇಲೆ ಹೇಳಿದ. ಇಬ್ಬರೂ ಬಿದ್ದದ್ದರಿಂದ ಆ ವಾದಕ್ಕೆ ಅರ್ಥ ಉಳಿಯಲಿಲ್ಲ.

ಮುಂದೆ ಇರುವವನು ಬೇಕಂತಲೇ ನಿಧಾನ ಓಡಿಸುತ್ತಿದ್ದಾನೆ ಅನ್ನಿಸಿದರೆ ನಿಮ್ಮ ಕಣ್ಣು ತಪ್ಪಿಲ್ಲ. 2013ರಲ್ಲಿ ಇದೇ ಲೊರೆಂಜೊ 13 ಪಾಯಿಂಟ್ ಹಿಂದಿದ್ದ. ತಾನು ಗೆದ್ದರೂ ಮಾರ್ಕೆಸ್ ನಾಲ್ಕನೆಯವನಾಗಿ ಬಂದರೆ ಸಾಕಿತ್ತು. ಹಾಗಾಗಿ ಗೆದ್ದರಷ್ಟೇ ಸಾಲದು, ಮಾರ್ಕೆಸ್ ಮುಂದೆ ಇನ್ನೂ ಮೂರ್ನಾಲ್ಕು ಜನ ಬರಬೇಕು. ಅದಕ್ಕೆ ಅವನು ಮುಂದೆ ನಿಂತು ವೇಗ ಕಡಿಮೆ ಮಾಡಿದ, ಹಿಂದಿನವರೆಲ್ಲ ಬಂದು ಗುಂಪಾಗಲಿ ಅಂತ. ಪೆಡ್ರೋಸಾ ಜೊತೆ ಬೇಕಂತಲೇ ಮೈಗೆ ಮೈ ತಾಗಿಸಿ ಕಾದಾಡಿದ. ಅದು ಫಲಿಸಲಿಲ್ಲ, ಮಾರ್ಕೆಸ್ ಬುದ್ಧಿವಂತನಾಗಿ ಮೂರನೆಯವನಾಗಿಯೇ ಉಳಿದು 334ಕ್ಕೆ 330, ನಾಲ್ಕು ಪಾಯಿಂಟಿನಿಂದ ಚಾಂಪಿಯನ್ ಆದ, ಇಪ್ಪತ್ತನೇ ವಯಸ್ಸಿಗೆ, ಮೊದಲ ವರ್ಷದಲ್ಲೇ. ಆದರೆ ಹಾಳೆ ಇಲ್ಲದೆ ಆ ರೇಸ್ ನೋಡಿದವನಿಗೆ ಲೊರೆಂಜೊಗೆ ಏನೋ ಆಗಿದೆ ಅನ್ನಿಸಿರುತ್ತದೆ.

ಇನ್ನು 2015. ಇದರ ಬಗ್ಗೆ ರೋಸಿ ಅಭಿಮಾನಿಗಳ ಮುಂದೆ ಎಚ್ಚರಿಕೆಯಿಂದ ಮಾತಾಡಿ. ಏಳು ಪಾಯಿಂಟ್ ಮುಂದಿದ್ದ ರೋಸಿ, ಹಿಂದಿನ ರೇಸಿನಲ್ಲಿ, ಮಲೇಷ್ಯಾದ ಸೆಪಾಂಗ್‌ನಲ್ಲಿ, ಮಾರ್ಕೆಸ್ ಜೊತೆಗಿನ ಗಲಾಟೆಗೆ ಸಿಕ್ಕಿದ ಶಿಕ್ಷೆಯಿಂದ ವಲೆನ್ಸಿಯಾದಲ್ಲಿ ಕೊನೆಯ ಸಾಲಿನಿಂದ ಹೊರಡಬೇಕಾಯಿತು. 26ನೇ ಜಾಗದಿಂದ ನಾಲ್ಕಕ್ಕೆ ಬಂದ. ಮುಂದೆ ಲೊರೆಂಜೊ, ಅವನ ಹಿಂದೆ ಮಾರ್ಕೆಸ್, ಆಮೇಲೆ ಪೆಡ್ರೋಸಾ. ಕೊನೆಯವರೆಗೂ ಹಾಗೇ. ಲೊರೆಂಜೊ ಐದು ಪಾಯಿಂಟಿನಿಂದ ಚಾಂಪಿಯನ್. ಮಾರ್ಕೆಸ್ ಬೇಕಂತಲೇ ಲೊರೆಂಜೊನನ್ನು ದಾಟಲು ಹೋಗಲಿಲ್ಲ ಅಂತ ರೋಸಿ, ಹಾಗೇನಿಲ್ಲ ಅಂತ ಮಾರ್ಕೆಸ್. ಹತ್ತು ವರ್ಷ ಕಳೆದರೂ ಈ ಜಗಳ ಮುಗಿದಿಲ್ಲ. ನನ್ನ ಮನೆಯಲ್ಲೇ ಮುಗಿದಿಲ್ಲ, ತಮ್ಮ ಇವತ್ತಿಗೂ ಮಾರ್ಕೆಸ್‌ನ 93 ನಂಬರ್ ಕಂಡರೆ ಚಾನೆಲ್ ಬದಲಿಸುತ್ತಾನೆ.

ಬಾವುಟ ಬಿದ್ದ ಕೂಡಲೇ ಟೀವಿ ಆರಿಸಬೇಡಿ. ಟೈರಿನ ಗಾಳಿ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಇದ್ದರೆ ಆಮೇಲೆ ಸೆಕೆಂಡುಗಳ ದಂಡ ಬೀಳುತ್ತದೆ, ಫಲಿತಾಂಶ ಬದಲಾಗುತ್ತದೆ. 2023ರಲ್ಲಿ ಎರಡನೆಯವನಾಗಿ ಪೋಡಿಯಂ ಹತ್ತಿದ ಫಾಬಿಯೊ ಡಿ ಜನ್ನಾಂಟೊನಿಯೊಗೆ ಮೂರು ಸೆಕೆಂಡ್ ದಂಡ ಬಿದ್ದು ನಾಲ್ಕಕ್ಕೆ ಇಳಿದ. ಕೊನೆಯ ಲ್ಯಾಪಿನಲ್ಲಿ ಅಂಚಿನ ಹಸಿರು ಬಣ್ಣ ಮುಟ್ಟಿದರೂ ಒಂದು ಸ್ಥಾನ ಹೋಗಬಹುದು. ಪೆನ್ನಿನಿಂದ ಕೊನೆಯ ಲೆಕ್ಕ ಬರೆಯುವ ಮುಂಚೆ ಅರ್ಧ ಗಂಟೆ ಕಾಯಿರಿ.

ಅಲ್ಲಿಗೇ ಹೋಗುವುದಾದರೆ

ಕೊನೆಯ ರೇಸ್ ಯಾವಾಗಲೂ ವಲೆನ್ಸಿಯಾದಲ್ಲೇ ಅಂತ ಕಣ್ಣು ಮುಚ್ಚಿ ಟಿಕೆಟ್ ಮಾಡಬೇಡಿ. 2002ರಿಂದ ಅದೇ ಪದ್ಧತಿ, ನಿಜ. 2020ರಲ್ಲಿ ಕೊರೊನಾ ವರ್ಷ ಮಾತ್ರ ಪೋರ್ಚುಗಲ್ಲಿನ ಪೋರ್ಟಿಮಾವ್‌ಗೆ ಹೋಯಿತು. 2024ರಲ್ಲಿ ರೇಸಿಗೆ ಎರಡೂವರೆ ವಾರ ಇರುವಾಗ, ಅಕ್ಟೋಬರ್ 29ಕ್ಕೆ, ವಲೆನ್ಸಿಯಾ ಸೀಮೆಯಲ್ಲಿ ಭೀಕರ ಪ್ರವಾಹ ಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸರ್ಕ್ಯೂಟಿನ ರಸ್ತೆಗಳೇ ಕೊಚ್ಚಿ ಹೋದವು. ರೇಸನ್ನು ಬಾರ್ಸಿಲೋನಾಗೆ ಸಾಗಿಸಿದರು. ಆ ರೇಸಿನ ಲೆಕ್ಕವೂ ಚೆನ್ನಾಗಿತ್ತು. ವರ್ಷದ 20 ರೇಸುಗಳಲ್ಲಿ 11 ಗೆದ್ದವನು ಬನ್ಯಾಯಾ, ಮೂರೇ ಗೆದ್ದವನು ಮಾರ್ಟಿನ್. ಚಾಂಪಿಯನ್ ಆದದ್ದು ಮಾರ್ಟಿನ್, 508ಕ್ಕೆ 498. ಬೀಳದೆ ಓಡಿಸಿದವನಿಗೇ ಪಾಯಿಂಟ್.

ಬೆಂಗಳೂರಿನಿಂದ ವಲೆನ್ಸಿಯಾಗೆ ನೇರ ವಿಮಾನ ಇಲ್ಲ. ಮ್ಯಾಡ್ರಿಡ್‌ಗೆ ಹೋಗಿ ಅಲ್ಲಿಂದ ವೇಗದ ರೈಲು ಹಿಡಿದರೆ ಎರಡು ಗಂಟೆಯೊಳಗೆ ವಲೆನ್ಸಿಯಾ. ಶೆಂಗೆನ್ ವೀಸಾಗೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕೆಲಸ, ಆಗಸ್ಟಿನಲ್ಲೇ ಶುರು ಮಾಡಿ. ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ಕೆಲಸಕ್ಕಿರುವ ಕನ್ನಡದವರಿಗೆ ಈ ತಾಪತ್ರಯ ಇಲ್ಲ, ಅವರು ಇಷ್ಟು ವರ್ಷ ಯಾಕೆ ಹೋಗಿಲ್ಲ ಅಂತ ನನಗೆ ಆಶ್ಚರ್ಯ.

ನಗರದಿಂದ ಸರ್ಕ್ಯೂಟಿಗೆ ಲೋಕಲ್ ರೈಲಿದೆ, ಸರ್ಕ್ಯೂಟಿನ ಹೆಸರಿನದೇ ಒಂದು ಸ್ಟೇಷನ್. 2024ರ ಪ್ರವಾಹದಲ್ಲಿ ಆ ಕಡೆಯ ಹಳಿಗಳು ಹಾಳಾಗಿದ್ದವು, ಹಾಗಾಗಿ ಹೋಗುವ ವಾರ ವೇಳಾಪಟ್ಟಿ ನೋಡಿಕೊಳ್ಳಿ. ನಾನು 2022ರಲ್ಲಿ ಹೋದಾಗ ಬೆಳಿಗ್ಗೆ ಏನೂ ತೊಂದರೆ ಆಗಲಿಲ್ಲ, ತೊಂದರೆ ಆದದ್ದು ವಾಪಸ್ ಬರುವಾಗ. ಒಂದು ಲಕ್ಷದ ಹತ್ತಿರ ಜನ ಒಟ್ಟಿಗೇ ಎದ್ದರೆ ದಸರಾ ಜಂಬೂ ಸವಾರಿ ಮುಗಿದ ಮೇಲಿನ ಮೈಸೂರಿನ ಹಾಗೆ. ಎರಡು ರೈಲು ಬಿಟ್ಟು ಮೂರನೆಯದರಲ್ಲಿ ನಿಂತು ಬಂದೆ. ಅವಸರ ಮಾಡದೆ ಒಂದು ಗಂಟೆ ಸ್ಟ್ಯಾಂಡಿನಲ್ಲೇ ಕೂತಿರಿ.

ಸೀಟಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟ್ರ್ಯಾಕ್ ತಗ್ಗಿನಲ್ಲಿದೆ, ಸುತ್ತ ಸ್ಟ್ಯಾಂಡುಗಳು ಕೆರೆ ಏರಿಯ ಹಾಗೆ ಎತ್ತರದಲ್ಲಿವೆ. ಹೆಚ್ಚು ಕಡಿಮೆ ಎಲ್ಲಿ ಕೂತರೂ ಟ್ರ್ಯಾಕಿನ ಬಹುಪಾಲು ಕಾಣುತ್ತದೆ. ಬೇರೆ ಸರ್ಕ್ಯೂಟುಗಳಲ್ಲಿ ಒಂದು ತಿರುವು ಮಾತ್ರ ಕಾಣುತ್ತದೆ, ನಮ್ಮ ಹೀರೊ ಅಲ್ಲಿ ಹಾದು ಹೋದರೆ ಮತ್ತೆ ಒಂದೂವರೆ ನಿಮಿಷ ಕಾಯಬೇಕು. ಇಲ್ಲಿ ಹಾಗಿಲ್ಲ. ಹಾಳೆಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ, ಮೊದಲನೆಯವನನ್ನೂ ಒಂಬತ್ತನೆಯವನನ್ನೂ ಒಂದೇ ನೋಟದಲ್ಲಿ ಹಿಡಿಯಬಹುದು.

ಇಯರ್ ಪ್ಲಗ್ ಮರೆಯಬೇಡಿ. ನಾನು ಮರೆತಿದ್ದೆ, ಟಿಶ್ಯೂ ಉರುಳೆ ಮಾಡಿ ಕಿವಿಗೆ ತುರುಕಿಕೊಂಡೆ, ಮೋಟೋ3ಗೆ ನಡೆಯಿತು, ಮೋಟೋಜಿಪಿ ಬೈಕುಗಳು ಸಾಲಾಗಿ ಹೊರಟಾಗ ಎದೆಯೊಳಗೇ ಯಾರೋ ಡೊಳ್ಳು ಬಡಿದ ಹಾಗಾಯಿತು. ಬೆಳಿಗ್ಗೆ ಎಂಟು ಗಂಟೆಗೆ ಸ್ವೆಟರ್ ಬೇಕು, ಮಧ್ಯಾಹ್ನ ಬಿಸಿಲು ಹಿತವಾಗಿರುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು: ವಲೆನ್ಸಿಯಾದ ಪಾಯೆಯಾ ನೋಡಲು ನಮ್ಮ ಪಲಾವಿನ ಹಾಗಿದ್ದರೂ ಅದರಲ್ಲಿ ಕೋಳಿ, ಮೊಲ ಎರಡೂ ಇರುತ್ತದೆ. ನನಗೆ ಪುಳಿಯೋಗರೆ ಗೊಜ್ಜಿನ ಪ್ಯಾಕೆಟ್ ಕಾಪಾಡಿತು.

ಮಂಗಳವಾರದವರೆಗೆ

ಚಾಂಪಿಯನ್ ಮೊದಲೇ ತೀರ್ಮಾನವಾದ ವರ್ಷ ಏನು ನೋಡಬೇಕು ಅಂತ ಹೇಳುತ್ತೇನೆ ಅಂದಿದ್ದೆ. ವಿದಾಯ ನೋಡಿ. ಕೊನೆಯ ರೇಸ್ ಅಂದರೆ ಯಾರಾದರೂ ಒಬ್ಬ ತಂಡ ಬಿಡುತ್ತಿರುತ್ತಾನೆ, ಇನ್ಯಾರೋ ಬೈಕೇ ಬಿಡುತ್ತಿರುತ್ತಾನೆ. 2021ರ ನವೆಂಬರ್ 14ಕ್ಕೆ ರೋಸಿ ಕೊನೆಯ ಸಲ ಓಡಿಸಿದ್ದು ಇಲ್ಲೇ. ಹತ್ತನೆಯವನಾಗಿ ಬಂದ, ಅವನು ಗೆದ್ದಷ್ಟೇ ಗದ್ದಲ. 2022ರಲ್ಲಿ ಸುಝುಕಿ ಕಂಪನಿಯೇ ಮೋಟೋಜಿಪಿ ಬಿಟ್ಟು ಹೋಗುತ್ತಿತ್ತು. ತಮ್ಮ ಕೊನೆಯ ರೇಸನ್ನು ರಿನ್ಸ್ ಗೆದ್ದುಕೊಟ್ಟಾಗ ಆ ನೀಲಿ ಅಂಗಿಯ ಮೆಕ್ಯಾನಿಕ್ಕುಗಳು ಅಳುತ್ತಿದ್ದರು, ನಾಳೆಯಿಂದ ಆ ಕೆಲಸ ಇಲ್ಲ. ಎಲ್ಲರ ಕಣ್ಣು ಬನ್ಯಾಯಾ ಮೇಲಿದ್ದಾಗ ಅವರನ್ನು ನೋಡಿದ್ದು ನನಗೆ ಈಗಲೂ ಖುಷಿ.

ಮತ್ತೆ, ಭಾನುವಾರಕ್ಕೆ ಎಲ್ಲ ಮುಗಿಯುವುದಿಲ್ಲ. ಸಾಮಾನ್ಯವಾಗಿ ಮಂಗಳವಾರ ಅದೇ ಟ್ರ್ಯಾಕಿನಲ್ಲಿ ಮುಂದಿನ ವರ್ಷದ ಮೊದಲ ಟೆಸ್ಟ್. ತಂಡ ಬದಲಿಸಿದವರು ಹೊಸ ಬೈಕ್ ಹತ್ತುತ್ತಾರೆ. ಹಳೇ ಕರಾರು ವರ್ಷದ ಕೊನೆಯವರೆಗೆ ಇರುವುದರಿಂದ ಎಷ್ಟೋ ಜನ ಬಾಯಿ ಬಿಡುವ ಹಾಗಿಲ್ಲ, ಮುಖ ನೋಡಿ ಊಹಿಸಬೇಕು. 2023ರಲ್ಲಿ ಹೋಂಡಾದಲ್ಲಿ ಹನ್ನೊಂದು ವರ್ಷ ಕಳೆದ ಮಾರ್ಕೆಸ್ ಮೊದಲ ಸಲ ಗ್ರೆಸಿನಿ ತಂಡದ ಡುಕಾಟಿ ಓಡಿಸಿ ಗ್ಯಾರೇಜಿಗೆ ಬಂದು ಹೆಲ್ಮೆಟ್ ತೆಗೆದ. ಮುಖದಲ್ಲಿ ತಡೆಯಲಾಗದ ನಗು. ಎರಡು ವರ್ಷದ ಮೇಲೆ ಏನಾಯಿತು ಅಂತ ಮೇಲೆ ಬರೆದಿದ್ದೇನೆ.

ಟೆಸ್ಟಿನ ಸಮಯಪಟ್ಟಿ ರಾತ್ರಿ ಬರುತ್ತದೆ. ಭಾನುವಾರದ ಹಾಳೆಯ ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲೇ ಬರೆದುಕೊಳ್ಳಿ.